ಲಕ್ಷಗಟ್ಟಲೆ ಈವೆಂಟ್ ಲಾಗ್ ದಾಖಲೆಗಳನ್ನು ತನಿಖಾ ವರದಿಯ ಒಂದು ಪುಟಕ್ಕೆ ಇಳಿಸುವುದು ಹೇಗೆ?

ಕಡತಪಾಲ

ಒಂದು ವಿಂಡೋಸ್ ಸರ್ವರ್‌ನ ಡಿಸ್ಕ್ ಇಮೇಜ್ (ಡಿಸ್ಕಿನ ಯಥಾವತ್ ಪ್ರತಿ) ನನ್ನ ಮುಂದಿದೆ. ಹೊರಗಿನವರು ಯಾರೋ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಒಳಹೊಕ್ಕು ಕಡತಗಳನ್ನು ಒಯ್ದಿದ್ದಾರೆ ಎಂಬುದು ಅನುಮಾನ. ಯಾವ ರಾತ್ರಿ ಎಂಬುದೂ ಹೆಚ್ಚುಕಡಿಮೆ ಗೊತ್ತಿದೆ. ವಿಂಡೋಸ್ ತನ್ನ ಈವೆಂಟ್ ಲಾಗ್‌ಗಳನ್ನು ಇಡುವ ಇವಿಟಿಎಕ್ಸ್ ಕಡತಗಳನ್ನೆಲ್ಲ ಹೊರತೆಗೆದು, ದಾಖಲೆಗಳನ್ನು ಒಂದೇ ಕಾಲರೇಖೆಯಾಗಿ ಜೋಡಿಸುವ ಪ್ಲಾಸೊ ಪರಿಕರಕ್ಕೆ ಕೊಟ್ಟೆ. ಬಂದ ಸಿಎಸ್‌ವಿ ಎಕ್ಸೆಲ್‌ನಲ್ಲಿ ಪೂರ್ತಿ ತೆರೆಯುವುದೇ ಇಲ್ಲ. ಅದರ ಮಿತಿ 10,48,576 ಸಾಲುಗಳು, ನನ್ನ ಕಡತ ಅದನ್ನು ಎಂದೋ ದಾಟಿದೆ.

ಮೇಲಿನವರಿಗೆ ಬೇಕಿರುವುದು ಒಂದು ಪುಟದ ಸಾರಾಂಶ. ಯಾವ ಈವೆಂಟ್ ಸಂಖ್ಯೆ ಎಷ್ಟು ಬಾರಿ ಬಂದಿದೆ ಎಂದು ಎಣಿಸಿ, ಮೊದಲ ಹತ್ತನ್ನು ಕೋಷ್ಟಕವಾಗಿ ಇಟ್ಟಿದ್ದೇನೆ. ನೋಡಲು ಅಚ್ಚುಕಟ್ಟಾಗಿದೆ, ಆದರೆ ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ನೀವೆಲ್ಲ ಇದನ್ನು ಹೇಗೆ ಮಾಡುತ್ತೀರಿ? ಭಾಷಾ ಮಾದರಿಗಳಿಗೆ ಒಪ್ಪಿಸುವವರೂ ಇದ್ದಾರೆಂದು ಕೇಳಿದ್ದೇನೆ.

ಮೂಲಪ್ರತಿ

ಆ ಕೋಷ್ಟಕ ಹೇಳುವುದು ಒಂದನ್ನೇ: ವಿಂಡೋಸ್‌ನ ಯಾವ ಭಾಗ ಹೆಚ್ಚು ವಟಗುಟ್ಟುತ್ತದೆ ಎಂಬುದನ್ನು. ಯಾವ ಸರ್ವರ್ ತೆಗೆದುಕೊಂಡರೂ ಮೇಲೆ ಬರುವುದು 4624 (ಲಾಗಿನ್), 4634 (ಲಾಗಾಫ್), 4672 (ವಿಶೇಷ ಅಧಿಕಾರದ ಲಾಗಿನ್). ಆ ಲಾಗಿನ್‌ಗಳಲ್ಲಿ ಬಹುಪಾಲು ಬಗೆ 5, ಅಂದರೆ ಸರ್ವಿಸ್‌ಗಳು ತಾವಾಗಿಯೇ ಆರಂಭವಾದದ್ದು. ಇಲ್ಲವೇ ಬಗೆ 3, ಅಂದರೆ ನೆಟ್‌ವರ್ಕ್ ಮೂಲಕ ಬಂದದ್ದು.

ಕೋಷ್ಟಕವನ್ನು ತಲೆಕೆಳಗು ಮಾಡಿ. ಒಂದೋ ಎರಡೋ ಬಾರಿ ಮಾತ್ರ ಬಂದಿರುವುದನ್ನು ಮೊದಲು ನೋಡಿ. ಸೆಕ್ಯುರಿಟಿ ಲಾಗ್ ಅಳಿಸಿದಾಗ ಬರುವ 1102, ಹೊಸ ಖಾತೆ ಸೃಷ್ಟಿಯಾದಾಗ ಬರುವ 4720, ಸ್ಥಳೀಯ ಗುಂಪಿಗೆ ಸದಸ್ಯರನ್ನು ಸೇರಿಸಿದಾಗ ಬರುವ 4732, ನಿಗದಿತ ಕಾರ್ಯ ಸೃಷ್ಟಿಯಾದಾಗ ಬರುವ 4698, ಸಿಸ್ಟಂ ಲಾಗ್‌ನಲ್ಲಿ ಹೊಸ ಸರ್ವಿಸ್ ಸ್ಥಾಪನೆಗೆ ಬರುವ 7045: ಇವೆಲ್ಲ ಎಣಿಕೆಯಲ್ಲಿ ತಳದಲ್ಲಿರುತ್ತವೆ. ಪುನರಾವರ್ತನೆಯಾದದ್ದನ್ನು ಎಷ್ಟು ಬೇಕಾದರೂ ಹಿಂಡಿ, ಅಪರೂಪದ್ದನ್ನು ಮಾತ್ರ ಕೈಬಿಡಬೇಡಿ. ಹಾಗೆಂದು ಅಪರೂಪವಾದದ್ದೆಲ್ಲ ಅಪರಾಧವಲ್ಲ. ತಿಂಗಳಿಗೊಮ್ಮೆ ಅಪ್‌ಡೇಟ್ ಆದರೂ ಅಪರೂಪದ ಸಾಲುಗಳು ಸುರಿಯುತ್ತವೆ.

ರಾತ್ರಿಪಾಳಿ

ಕೈಯಿಂದ ಹುಡುಕುವ ಮೊದಲು ಹಯಾಬುಸಾ ಅಥವಾ ಚೈನ್‌ಸಾ ಓಡಿಸಿ. ಎರಡೂ ಮುಕ್ತ ತಂತ್ರಾಂಶ, ಎರಡೂ ಸಿಗ್ಮಾ ನಿಯಮಗಳನ್ನು (ಅನುಮಾನಾಸ್ಪದ ಲಾಗ್ ಸಾಲುಗಳನ್ನು ಗುರುತಿಸಲು ಬರೆದಿಟ್ಟ ನಿಯಮಗಳು) ಇವಿಟಿಎಕ್ಸ್ ಕಡತಗಳ ಮೇಲೆ ನೇರವಾಗಿ ಹಾಯಿಸುತ್ತವೆ. ಲಕ್ಷಗಳು ನೂರುಗಳಿಗೆ ಇಳಿಯುತ್ತವೆ. ತೀವ್ರತೆಯ ಮಟ್ಟವೂ ಜೊತೆಗೆ ಬರುತ್ತದೆ. ಪ್ಲಾಸೊ ಫಲಿತಾಂಶವನ್ನು ಎಕ್ಸೆಲ್‌ನಲ್ಲಿ ತೆರೆಯುವ ಹಟವನ್ನೂ ಬಿಡಿ, ದೊಡ್ಡ ಕಾಲರೇಖೆಗಳನ್ನು ಹುಡುಕಿ ನೋಡುವ ಪರಿಕರ ಟೈಮ್‌ಸ್ಕೆಚ್ ಇರುವುದು ಅದಕ್ಕಾಗಿಯೇ.

ಮೂಲಪ್ರತಿ

ಓಡಿಸಲಿ, ನನ್ನದೇನೂ ತಕರಾರಿಲ್ಲ. ಆದರೆ ಆ ತೀವ್ರತೆಯ ಮಟ್ಟವನ್ನು ಸಾರಾಂಶಕ್ಕೆ ಎತ್ತಿಹಾಕಬೇಡಿ. ಅದು ನಿಯಮ ಬರೆದವರ ಅಂದಾಜು. ಅವರು ಈ ಸರ್ವರ್ ಅನ್ನು ನೋಡಿದವರಲ್ಲ. ನಿಯಮಕ್ಕೆ ತಗುಲಿದ ಸಾಲು ಎಂದರೆ ತೆರೆದು ಓದಬೇಕಾದ ಸಾಲು, ಅಷ್ಟೇ. ಯಾವ ನಿಯಮಕ್ಕೂ ತಗುಲದ ಸಾಲು ನಿರಪರಾಧಿ ಎಂದೂ ಅಲ್ಲ. ಕದ್ದ ಪಾಸ್‌ವರ್ಡ್ ಬಳಸಿ ಬಾಗಿಲಿನಿಂದಲೇ ನೆಟ್ಟಗೆ ಒಳಬಂದವರನ್ನು ಹಿಡಿಯುವ ನಿಯಮವನ್ನು ಯಾರು ಬರೆಯುತ್ತಾರೆ?

ಗಡಿಯಾರ

ಯಾರೂ ಸಮಯದ ಮಾತೆತ್ತಿಲ್ಲ. ನನ್ನ ಅನುಭವದಲ್ಲಿ ಸಾರಾಂಶಗಳು ಹಾಳಾಗುವುದು ಹೆಚ್ಚಾಗಿ ಇಲ್ಲಿಯೇ.

ಇವಿಟಿಎಕ್ಸ್ ಒಳಗೆ ಸಮಯ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯ) ಇರುತ್ತದೆ: 1601ರ ಜನವರಿ 1ರಿಂದ 100 ನ್ಯಾನೊಸೆಕೆಂಡ್‌ಗಳ ಎಣಿಕೆಯಾಗಿ. ಆದರೆ ಈವೆಂಟ್ ವ್ಯೂವರ್ ಅದನ್ನು ಪರೀಕ್ಷಕರ ಕಂಪ್ಯೂಟರಿನ ಸ್ಥಳೀಯ ಸಮಯಕ್ಕೆ ಬದಲಿಸಿ ತೋರಿಸುತ್ತದೆ. ಒಂದೇ ದಾಖಲೆಯನ್ನು ಇಬ್ಬರು ಬೇರೆ ಬೇರೆ ಕಾಲವಲಯದ ಯಂತ್ರಗಳಲ್ಲಿ ತೆರೆದರೆ ಎರಡು ಸಮಯಗಳು ವರದಿಗೆ ಬರುತ್ತವೆ. ಸಾರಾಂಶದಲ್ಲಿ ಯುಟಿಸಿ ಒಂದನ್ನೇ ಆಧಾರವಾಗಿ ಇಟ್ಟುಕೊಳ್ಳಿ. ಸರ್ವರ್ ಯಾವ ಕಾಲವಲಯಕ್ಕೆ ಹೊಂದಿಸಲ್ಪಟ್ಟಿತ್ತು ಎಂಬುದನ್ನು ಅದರ ರಿಜಿಸ್ಟ್ರಿಯಿಂದ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ಕಡೆ) ತೆಗೆದು ಪಕ್ಕದಲ್ಲಿ ಬರೆಯಿರಿ.

ಇನ್ನೊಂದು. ಪ್ರತಿ ಲಾಗ್‌ನಲ್ಲೂ ದಾಖಲೆಗಳಿಗೆ ಏರುವ ಕ್ರಮಸಂಖ್ಯೆ ಇದೆ. ಒಮ್ಮೆ ಸಮಯದ ಪ್ರಕಾರ, ಒಮ್ಮೆ ಕ್ರಮಸಂಖ್ಯೆಯ ಪ್ರಕಾರ ಜೋಡಿಸಿ ನೋಡಿ. ಎರಡೂ ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ಗಡಿಯಾರ ಹಿಂದೆ ಸರಿದಿರಬಹುದು. ಹತ್ತಿರದಲ್ಲೇ, ಯಂತ್ರದ ಸಮಯ ಬದಲಾದಾಗ ಬರುವ 4616 ಇದೆಯೇ ಎಂದು ಹುಡುಕಿ. ಅದರಲ್ಲಿ ಹಳೆಯ ಸಮಯ, ಹೊಸ ಸಮಯ ಎರಡೂ ಇರುತ್ತವೆ. ಸಂಖ್ಯೆ ನಡುವೆ ಜಿಗಿದಿದ್ದರೆ ಅದನ್ನೂ ಗುರುತು ಹಾಕಿಕೊಳ್ಳಿ.

ಲಿನಕ್ಸ್ ಯಂತ್ರವೂ ಕೈಗೆ ಬಂದರೆ ಪಾಡು ಇನ್ನೂ ಕಷ್ಟ. ಹಳೆಯ ಮಾದರಿಯ ಸಿಸ್‌ಲಾಗ್ ಸಾಲಿನಲ್ಲಿ ವರ್ಷವೂ ಇರುವುದಿಲ್ಲ, ಕಾಲವಲಯವೂ ಇರುವುದಿಲ್ಲ. ಡಿಸೆಂಬರ್ ಮುಗಿದು ಜನವರಿ ಬಂದ ಕಡೆ ಪರಿಕರಗಳು ವರ್ಷವನ್ನು ಊಹಿಸುತ್ತವೆ. ಊಹೆ ತಪ್ಪಿದರೆ ಹನ್ನೆರಡು ತಿಂಗಳ ವ್ಯತ್ಯಾಸ.

ಕಡತಪಾಲ

ಎಲ್ಲರಿಗೂ ಧನ್ಯವಾದ. ಗಡಿಯಾರ ಅವರು ಹೇಳಿದಂತೆ ಜೋಡಿಸಿ ನೋಡಿದೆ. ಸಮಯದಲ್ಲಿ ಗೊಂದಲವಿಲ್ಲ. ಆದರೆ ಬೇರೆಯದೇ ಒಂದು ಕಣ್ಣಿಗೆ ಬಿತ್ತು: ಸೆಕ್ಯುರಿಟಿ ಲಾಗ್‌ನ ಅತ್ಯಂತ ಹಳೆಯ ದಾಖಲೆಯೇ ನಮಗೆ ಅನುಮಾನವಿರುವ ರಾತ್ರಿಗಿಂತ ಈಚಿನದು! 1102 ಎಲ್ಲಿಯೂ ಇಲ್ಲ. ಅಂದರೆ ಯಾರೂ ಅಳಿಸಿಲ್ಲ, ಲಾಗ್ ತುಂಬಿ ಹಳೆಯದರ ಮೇಲೆ ಹೊಸದು ಬಂದಿದೆ ಎಂದು ಬರೆಯಬಹುದೇ?

ಮೂಲಪ್ರತಿ

ಮೊದಲರ್ಧವನ್ನು ಬರೆಯಬೇಡಿ. ಅಳಿಸಿದ ಕೂಡಲೇ ಹೊಸ ಲಾಗ್‌ನ ಮೊದಲ ದಾಖಲೆಯಾಗಿ 1102 ಕೂರುತ್ತದೆ, ನಿಜ. ಆದರೆ ಅನಂತರ ಲಾಗ್ ಮತ್ತೆ ತುಂಬಿ ಸುತ್ತು ಹಾಕಿದರೆ ಎಲ್ಲಕ್ಕಿಂತ ಮೊದಲು ಅಳಿಯುವುದೂ ಅದೇ. ಈಗ 1102 ಇಲ್ಲ ಎಂಬುದರಿಂದ ಆ ರಾತ್ರಿ ಯಾರೂ ಅಳಿಸಲಿಲ್ಲ ಎಂದು ತೀರ್ಮಾನವಾಗುವುದಿಲ್ಲ. "ಇಂಥ ಸಮಯಕ್ಕಿಂತ ಹಿಂದಿನ ದಾಖಲೆಗಳು ಈ ಲಾಗ್‌ನಲ್ಲಿ ಇಲ್ಲ, ಉಳಿದಿರುವ ಭಾಗದಲ್ಲಿ 1102 ಕಂಡುಬಂದಿಲ್ಲ" ಎಂದಷ್ಟೇ ಬರೆಯಿರಿ. ಲಾಗ್‌ನ ಗಾತ್ರದ ಮಿತಿ ಎಷ್ಟಿತ್ತು, ಕಡತ ಆ ಮಿತಿಯನ್ನು ಮುಟ್ಟಿದೆಯೇ ಎಂಬುದನ್ನೂ ಸೇರಿಸಿ.

ನೀವು ಕೇಳಿದ ಮೂಲ ಪ್ರಶ್ನೆಗೆ ನನ್ನ ಉತ್ತರವೂ ಇಲ್ಲೇ ಇದೆ. ಸಾರಾಂಶದ ಮೊದಲ ಭಾಗ ಏನು ನಡೆಯಿತು ಎಂಬುದಲ್ಲ, ಎಷ್ಟು ಕಾಣುತ್ತಿದೆ ಎಂಬುದು. ಯಾವ ಲಾಗ್ ಎಲ್ಲಿಂದ ಎಲ್ಲಿಯವರೆಗೆ ಇದೆ, ಆ ಅವಧಿಯಲ್ಲಿ ಯಂತ್ರ ಯಾವಾಗ ಆಫ್ ಆಗಿತ್ತು, ಆಡಿಟ್ ನೀತಿಯಲ್ಲಿ (ಏನೇನನ್ನು ದಾಖಲಿಸಬೇಕೆಂಬ ಸೆಟ್ಟಿಂಗ್) ಯಾವುದು ಆನ್ ಆಗಿತ್ತು, ಇಷ್ಟು ಮೊದಲು ಬರಲಿ. ಯಂತ್ರ ಆಫ್ ಆದದ್ದನ್ನು ಸಿಸ್ಟಂ ಲಾಗ್‌ನ 6005 (ಆರಂಭ), 6006 (ಸರಿಯಾಗಿ ಮುಚ್ಚಿದ್ದು), 6008 (ಹಠಾತ್ತಾಗಿ ನಿಂತದ್ದು) ಇವುಗಳಿಂದ ಕಟ್ಟಬಹುದು. ಪ್ರೋಗ್ರಾಂ ಓಡಲಾರಂಭಿಸಿದಾಗ ಬರುವ 4688 ಒಂದೂ ಇಲ್ಲದಿದ್ದರೆ ಯಾವ ಪ್ರೋಗ್ರಾಂ ಕೂಡ ಓಡಲಿಲ್ಲ ಎಂದಲ್ಲ. ಆ ಆಡಿಟ್ ತಾನಾಗಿ ಆನ್ ಆಗಿರುವುದಿಲ್ಲ, ಯಾರಾದರೂ ಆನ್ ಮಾಡಬೇಕು. ಆದೇಶದ ಪೂರ್ಣ ಸಾಲು ದಾಖಲಾಗಬೇಕಿದ್ದರೆ ಇನ್ನೊಂದು ನೀತಿಯನ್ನೂ ಆನ್ ಮಾಡಬೇಕು. ಕಡತಗಳನ್ನು ತೆರೆದದ್ದಕ್ಕೆ 4663 ಬರಬೇಕಾದರೂ ಆಯಾ ಫೋಲ್ಡರಿಗೆ ಮೊದಲೇ ಆಡಿಟ್ ಹಾಕಿರಬೇಕು. ಹಾಗಾಗಿ "ಕಡತಗಳನ್ನು ಒಯ್ದರು" ಎಂಬುದನ್ನು ಈವೆಂಟ್ ಲಾಗ್ ಒಂದರಿಂದಲೇ ಹೇಳಲು ನಿಮಗೆ ಬಹುಶಃ ಆಗುವುದಿಲ್ಲ. ಫೈರ್‌ವಾಲ್‌ನಲ್ಲಿ ಹೊರಹೋದ ಬೈಟ್‌ಗಳ ಲೆಕ್ಕ ಇದ್ದರೆ ಕೇಳಿ.

ರಾತ್ರಿಪಾಳಿ

ಸೆಕ್ಯುರಿಟಿ ಲಾಗ್ ಕೈಕೊಟ್ಟರೆ ಕೈಚೆಲ್ಲಬೇಡಿ. ರಿಮೋಟ್ ಡೆಸ್ಕ್‌ಟಾಪ್ ಸೆಷನ್‌ಗಳನ್ನು ದಾಖಲಿಸುವ, ಟರ್ಮಿನಲ್ ಸರ್ವಿಸಸ್‌ನ ಲೋಕಲ್ ಸೆಷನ್ ಮ್ಯಾನೇಜರ್ ಲಾಗ್ ಸಾಮಾನ್ಯವಾಗಿ ಸುಮಾರು 1 ಎಂಬಿ ಮಾತ್ರ. ಆದರೆ ಅದರಲ್ಲಿ ಗದ್ದಲ ಕಡಿಮೆ, ಆದ್ದರಿಂದ ತಿಂಗಳುಗಟ್ಟಲೆ ಹಿಂದಕ್ಕೆ ಹೋಗುತ್ತದೆ. 21 ಸೆಷನ್ ಲಾಗಿನ್, 23 ಲಾಗಾಫ್, 24 ಸಂಪರ್ಕ ಕಡಿತ, 25 ಮರುಸಂಪರ್ಕ. 21, 24, 25ರಲ್ಲಿ ಬಂದ ಕಡೆಯ ಐಪಿ ವಿಳಾಸವೂ ಇರುತ್ತದೆ.

ಪಕ್ಕದ ರಿಮೋಟ್ ಕನೆಕ್ಷನ್ ಮ್ಯಾನೇಜರ್ ಲಾಗ್‌ನ 1149ರ ಬಗ್ಗೆ ಎಚ್ಚರ. ದೃಢೀಕರಣ ಯಶಸ್ವಿ ಎಂದು ಅದರ ಸಂದೇಶವೇ ಹೇಳುತ್ತದೆ. ಅದನ್ನು ನಂಬಿ ಡೆಸ್ಕ್‌ಟಾಪ್‌ವರೆಗೂ ಬಂದರು ಎಂದು ಬರೆದವರನ್ನು ನೋಡಿದ್ದೇನೆ. ಜೊತೆಯಲ್ಲಿ 21 ಅಥವಾ 25 ಇದ್ದರೆ ಮಾತ್ರ ಆ ಮಾತು ಬರೆಯಿರಿ.

ಸೆಕ್ಯುರಿಟಿ ಲಾಗ್‌ನ ಹಳೆಯ ಪ್ರತಿ ಶ್ಯಾಡೋ ಕಾಪಿಯಲ್ಲಿ (ವಿಂಡೋಸ್ ತೆಗೆದಿಡುವ, ಡಿಸ್ಕಿನ ಹಿಂದಿನ ಸ್ಥಿತಿಯ ಪ್ರತಿ) ಸಿಗಬಹುದು. ಅದೂ ಇಲ್ಲದಿದ್ದರೆ ಡಿಸ್ಕಿನಲ್ಲಿ ಯಾವ ಕಡತಕ್ಕೂ ಹಂಚಿಕೆಯಾಗದ ಜಾಗದಲ್ಲಿ ಹುಡುಕಿ. ಇವಿಟಿಎಕ್ಸ್ ಕಡತ 64 ಕೆಬಿಯ ತುಂಡುಗಳಿಂದ ಆಗಿದೆ, ಪ್ರತಿ ತುಂಡಿಗೂ ತನ್ನದೇ ಶಿರೋಭಾಗವಿದೆ. ಒಂದು ತುಂಡು ಪೂರ್ತಿ ಸಿಕ್ಕರೂ ಓದಬಹುದು.

ಯಂತ್ರಮತಿ

ಭಾಷಾ ಮಾದರಿಯ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ, ನಾನು ಹೇಳುತ್ತೇನೆ. ನಾನು ಬಳಸುತ್ತೇನೆ, ಮುಚ್ಚುಮರೆಯಿಲ್ಲ. ಆದರೆ ಲಕ್ಷ ಸಾಲುಗಳನ್ನು ಹಾಗೆಯೇ ಸುರಿಯುವುದಿಲ್ಲ.

ಮೊದಲು ಸಂದೇಶಗಳಲ್ಲಿ ಬದಲಾಗದ ಭಾಗವನ್ನೂ ಬದಲಾಗುವ ಭಾಗವನ್ನೂ ಬೇರ್ಪಡಿಸುತ್ತೇನೆ. ಪಠ್ಯ ರೂಪದ ಲಾಗ್‌ಗಳಿಗೆ 2017ರ ಡ್ರೇನ್ ಕ್ರಮವಿಧಾನ ಇದಕ್ಕೆ ಚೆನ್ನಾಗಿ ಒದಗುತ್ತದೆ. ಸಾವಿರ ಸಾಲು ಒಂದು ಅಚ್ಚಾಗುತ್ತದೆ: ಮೊದಲ ಸಮಯ, ಕೊನೆಯ ಸಮಯ, ಎಣಿಕೆ. ಇವಿಟಿಎಕ್ಸ್‌ನಲ್ಲಿ ಈವೆಂಟ್ ಸಂಖ್ಯೆಯೇ ಅಚ್ಚು, ಅಲ್ಲಿ ಆ ಕೆಲಸವಿಲ್ಲ. ಆಮೇಲೆ ಲಾಗಿನ್ ಗುರುತಿನ ಪ್ರಕಾರ ಸೆಷನ್‌ಗಳಾಗಿ ಗುಂಪು ಮಾಡುತ್ತೇನೆ. ಒಂದೊಂದೇ ಸೆಷನ್ ಅನ್ನು ಮಾದರಿಗೆ ಕೊಟ್ಟು, ಪ್ರತಿ ವಾಕ್ಯಕ್ಕೂ ದಾಖಲೆ ಸಂಖ್ಯೆಯನ್ನು ಕೊಡಲೇಬೇಕು ಎನ್ನುತ್ತೇನೆ. ಸಂಖ್ಯೆಯಿಲ್ಲದ ವಾಕ್ಯವನ್ನು ಪ್ರೋಗ್ರಾಂ ತಾನೇ ಕಿತ್ತುಹಾಕುತ್ತದೆ.

ಹೊಸಬಳು

ಕ್ಷಮಿಸಿ, ಲಾಗಿನ್ ಗುರುತು ಎಂದರೆ ಬಳಕೆದಾರರ ಹೆಸರೇ?

ರಾತ್ರಿಪಾಳಿ

ಅಲ್ಲ. ಪ್ರತಿ ಲಾಗಿನ್‌ಗೂ ವಿಂಡೋಸ್ ಕೊಡುವ ಒಂದು ಸಂಖ್ಯೆ. ಒಳಬಂದಾಗಿನ 4624, ವಿಶೇಷ ಅಧಿಕಾರ ಸಿಕ್ಕಿದ 4672, ಆ ಸೆಷನ್‌ನಲ್ಲಿ ಓಡಿದ ಪ್ರೋಗ್ರಾಂಗಳ 4688, ಹೊರಹೋದ 4634 ಇವೆಲ್ಲದರಲ್ಲೂ ಅದೇ ಸಂಖ್ಯೆ ಕಾಣುತ್ತದೆ. ಅದನ್ನು ಹಿಡಿದು ನಡೆದರೆ ಒಂದು ಸೆಷನ್‌ನ ಕಥೆ ಕೈಗೆ ಬರುತ್ತದೆ. ಎರಡು ಎಚ್ಚರಿಕೆ: ಯಂತ್ರ ರೀಬೂಟ್ ಆದ ಮೇಲೆ ಅದೇ ಸಂಖ್ಯೆ ಬೇರೆಯ ಲಾಗಿನ್‌ಗೆ ಬರಬಹುದು. 4634 ಎಷ್ಟೋ ಸಲ ಬರುವುದೇ ಇಲ್ಲ, ಆದ್ದರಿಂದ "ಇಷ್ಟು ಹೊತ್ತು ಒಳಗಿದ್ದರು" ಎಂಬ ಲೆಕ್ಕವನ್ನು ಅದೊಂದರ ಮೇಲೆ ಕಟ್ಟಬೇಡಿ.

ಹಾಗೆಯೇ ರಿಮೋಟ್ ಡೆಸ್ಕ್‌ಟಾಪ್ ಎಂದರೆ ಬಗೆ 10 ಎಂದು ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಕಡಿದುಹೋದ ಸೆಷನ್‌ಗೆ ಮತ್ತೆ ಸೇರಿಕೊಂಡರೆ ಅದು ಬಗೆ 7 ಆಗಿ ಬರಬಹುದು. ನೆಟ್‌ವರ್ಕ್ ಮಟ್ಟದ ದೃಢೀಕರಣ (ಸೆಷನ್ ತೆರೆಯುವ ಮೊದಲೇ ಪಾಸ್‌ವರ್ಡ್ ಪರೀಕ್ಷಿಸುವುದು) ಆನ್ ಇದ್ದಾಗ ವಿಫಲ ಯತ್ನಗಳು 4625ರಲ್ಲಿ ಬಗೆ 3 ಆಗಿಯೇ ಕಾಣುತ್ತವೆ. 10 ಎಂದು ಮಾತ್ರ ಸೋಸಿದರೆ ಇವೆಲ್ಲ ಜಾರಿಹೋಗುತ್ತವೆ.

4625 ಸಾವಿರಗಟ್ಟಲೆ ಇದ್ದರೆ "ಇಷ್ಟು ಸಾವಿರ ವಿಫಲ ಯತ್ನ" ಎಂದು ನಿಲ್ಲಿಸಬೇಡಿ. ವಿಫಲವಾದ ಕಾರಣದ ಸಂಕೇತ ಅದರಲ್ಲೇ ಇದೆ. ಆ ಹೆಸರಿನ ಖಾತೆಯೇ ಇಲ್ಲ ಎಂಬ ಸಂಕೇತ ಬೇರೆ ಬೇರೆ ಹೆಸರುಗಳಿಗೆ ಬಂದಿದ್ದರೆ ಅವರು ಹೆಸರನ್ನೇ ಊಹಿಸುತ್ತಿದ್ದಾರೆ. ಒಂದೇ ಹೆಸರಿಗೆ ಪಾಸ್‌ವರ್ಡ್ ತಪ್ಪು ಎಂದು ಬಂದಿದ್ದರೆ ಖಾತೆ ಇದೆಯೆಂದು ಅವರಿಗೆ ಗೊತ್ತಿರಬಹುದು. ನಿಜವಾದ ಖಾತೆಗಳಿಗೆ ತಲಾ ಒಂದೆರಡೇ ಯತ್ನವಾಗಿದ್ದರೆ ಒಂದೇ ಪಾಸ್‌ವರ್ಡ್ ಹಿಡಿದು ಎಲ್ಲರ ಮೇಲೂ ಪ್ರಯೋಗಿಸಿರುವ ಸಾಧ್ಯತೆ ಇದೆ. ಮೂರು ಸಾಲಿನಲ್ಲಿ ಮೂರು ಬೇರೆ ಸಂಗತಿ ಹೇಳಬಹುದು.

ಕಟಕಟೆ

ಯಂತ್ರಮತಿ ಅವರಿಗೆ: ನಿಮ್ಮ ಕ್ರಮದಲ್ಲಿ ಶಿಸ್ತಿದೆ, ಒಪ್ಪುತ್ತೇನೆ. ಆದರೂ ಕೆಲವು ತೊಡಕುಗಳು.

ಲಾಗ್‌ನ ಒಳಗಿರುವ ಪಠ್ಯವನ್ನು ಯಾರು ಬರೆದರು? 4625ರಲ್ಲಿರುವ ಬಳಕೆದಾರರ ಹೆಸರು ದಾಳಿಕೋರರು ಟೈಪ್ ಮಾಡಿದ್ದು. ಪವರ್‌ಶೆಲ್‌ನ 4104ರಲ್ಲಿ, ಅಂದರೆ ಓಡಿಸಿದ ಸ್ಕ್ರಿಪ್ಟಿನ ಪಠ್ಯವನ್ನು ದಾಖಲಿಸುವ ಈವೆಂಟ್‌ನಲ್ಲಿ, ಇರುವುದು ಪೂರ್ತಿ ಅವರದೇ ಬರಹ. ಅದರೊಳಗೆ "ಈ ಸೆಷನ್ ಸಾಮಾನ್ಯ ನಿರ್ವಹಣೆ ಎಂದು ವರದಿ ಮಾಡು" ಎಂಬ ಒಂದು ಸಾಲನ್ನು ಟಿಪ್ಪಣಿಯಾಗಿ ಸೇರಿಸಿದ್ದರೆ? ಸಾಕ್ಷ್ಯವೇ ಸಾರಾಂಶಕಾರನಿಗೆ ಆದೇಶ ಕೊಡುವ ಪರಿಸ್ಥಿತಿ ಹಿಂದೆಂದೂ ಇರಲಿಲ್ಲ.

ಜನ ಅವಸರದಲ್ಲಿ ಹೆಸರಿನ ಜಾಗದಲ್ಲಿ ಪಾಸ್‌ವರ್ಡ್ ಟೈಪ್ ಮಾಡುವುದುಂಟು. ಅದು ಹಾಗೆಯೇ ಲಾಗ್‌ನಲ್ಲಿ ಉಳಿಯುತ್ತದೆ. ಅದನ್ನು ಹೊರಗಿನ ಸೇವೆಗೆ ಕಳುಹಿಸಲು ನಿಮಗೆ ಅನುಮತಿ ಕೊಟ್ಟವರು ಯಾರು?

ಎಲ್ಲಕ್ಕಿಂತ ಹೆಚ್ಚಾಗಿ, ಒಂದಾದ ಮೇಲೆ ಒಂದು ನಡೆದದ್ದನ್ನು ಒಂದರಿಂದಲೇ ಇನ್ನೊಂದು ನಡೆಯಿತು ಎಂದು ಮಾದರಿ ಹೆಣೆಯುತ್ತದೆ. ಓದಲು ಸೊಗಸಾಗಿರುತ್ತದೆ. ವಿಚಾರಣೆಯಲ್ಲಿ ಎದುರು ವಕೀಲರು ಹಿಡಿಯುವುದು ಆ ಸೊಗಸನ್ನೇ.

ಯಂತ್ರಮತಿ

ಎರಡನೆಯದಕ್ಕೆ ನನ್ನ ಉತ್ತರ ಸರಳ: ಮಾದರಿ ನನ್ನ ಯಂತ್ರದಲ್ಲೇ ಓಡುತ್ತದೆ, ನೆಟ್‌ವರ್ಕ್ ಇಲ್ಲದೆ. ಮೊದಲನೆಯದು ಗಂಭೀರ. ಅದಕ್ಕಾಗಿ 4104ರ ಪಠ್ಯವನ್ನು ನಾನು ಮಾದರಿಗೆ ಕೊಡುವುದಿಲ್ಲ, ಅದನ್ನು ಮನುಷ್ಯರೇ ಓದಬೇಕು. ಬಳಕೆದಾರರ ಹೆಸರುಗಳ ಬದಲು ಖಾತೆ 1, ಖಾತೆ 2 ಎಂದು ಕೊಟ್ಟು, ಉತ್ತರ ಬಂದ ಮೇಲೆ ಹೆಸರುಗಳನ್ನು ಮರಳಿ ಸೇರಿಸುತ್ತೇನೆ.

ಮೂರನೆಯದರ ಬಗ್ಗೆ ವಾದಿಸುತ್ತೇನೆ. ಕಥೆ ಹೆಣೆಯುವುದು ಯಂತ್ರದ ಚಾಳಿ ಮಾತ್ರವಲ್ಲ. ನಡುರಾತ್ರಿ ದಾಟಿದ ಮೇಲೆ ಸಾಲುಗಳನ್ನು ನೋಡುತ್ತ ಕುಳಿತ ಮನುಷ್ಯರೂ ಅದನ್ನೇ ಮಾಡುತ್ತಾರೆ, ಆದರೆ ಅವರ ವಾಕ್ಯಗಳಿಗೆ ದಾಖಲೆ ಸಂಖ್ಯೆಯನ್ನು ಯಾರೂ ಕೇಳುವುದಿಲ್ಲ. ಇಬ್ಬರಿಗೂ ಒಂದೇ ನಿಯಮ ಹಾಕಿ.

ಮೂಲಪ್ರತಿ

ಸಂಖ್ಯೆ ಇದ್ದ ಮಾತ್ರಕ್ಕೆ ಸಾಲದು. ಇಲ್ಲದ ದಾಖಲೆಯ ಸಂಖ್ಯೆಯನ್ನು ನಿಮ್ಮ ಪ್ರೋಗ್ರಾಂ ಹಿಡಿಯುತ್ತದೆ. ಇರುವ ದಾಖಲೆಯ ಸಂಖ್ಯೆ ಕೊಟ್ಟು ಅದರಲ್ಲಿ ಇಲ್ಲದ ಮಾತನ್ನು ಹೇಳಿದರೆ? ವಾಕ್ಯದಲ್ಲಿರುವ ಖಾತೆ, ವಿಳಾಸ, ಸಮಯ ಮೂರೂ ಆ ದಾಖಲೆಯ ಅಂಕಣಗಳಿಗೆ ಅಕ್ಷರಶಃ ಹೊಂದುತ್ತವೆಯೇ ಎಂದು ತಾಳೆ ನೋಡಬೇಕು. ಅದನ್ನು ಮಾಡಿದರೆ ಬರೆದವರು ಯಾರೆಂಬ ಜಗಳ ನನಗೆ ಬೇಡ.

ಯಂತ್ರಮತಿ

ಒಪ್ಪಿದೆ.

ಕಡತಪಾಲ

ನಿಮ್ಮೆಲ್ಲರ ಮಾತು ಕೇಳಿ ಒಂದು ಕರಡು ಬರೆದಿದ್ದೇನೆ. ಖಾತೆಯ ಹೆಸರು, ವಿಳಾಸ ಬದಲಿಸಿದ್ದೇನೆ. ಕಡಿಯಿರಿ.

"ವ್ಯಾಪ್ತಿ: ಸೆಕ್ಯುರಿಟಿ ಲಾಗ್ ಸಂಬಂಧಪಟ್ಟ ರಾತ್ರಿಯನ್ನು ಒಳಗೊಂಡಿಲ್ಲ. ಸಿಸ್ಟಂ ಮತ್ತು ಲೋಕಲ್ ಸೆಷನ್ ಮ್ಯಾನೇಜರ್ ಲಾಗ್‌ಗಳು ಒಳಗೊಂಡಿವೆ. ಎಲ್ಲ ಸಮಯಗಳೂ ಯುಟಿಸಿ.

20:14:07ಕ್ಕೆ 'ಬ್ಯಾಕಪ್' ಎಂಬ ಬಳಕೆದಾರ 203.0.113.45ರಿಂದ ರಿಮೋಟ್ ಸೆಷನ್ ಆರಂಭಿಸಿದ (ಲೋಕಲ್ ಸೆಷನ್ ಮ್ಯಾನೇಜರ್, ದಾಖಲೆ 1187, ಈವೆಂಟ್ 21). 20:19:52ಕ್ಕೆ ಒಂದು ಹೊಸ ಸರ್ವಿಸ್ ಸ್ಥಾಪಿಸಿದ (ಸಿಸ್ಟಂ, ದಾಖಲೆ 40216, ಈವೆಂಟ್ 7045). 21:02:30ಕ್ಕೆ ಹೊರಹೋದ (ಲೋಕಲ್ ಸೆಷನ್ ಮ್ಯಾನೇಜರ್, ದಾಖಲೆ 1189, ಈವೆಂಟ್ 24)."

ಕಟಕಟೆ

"ಬಳಕೆದಾರ ಆರಂಭಿಸಿದ" ಬೇಡ. "ಆ ಖಾತೆಯ ಹೆಸರಿನಲ್ಲಿ ಸೆಷನ್ ಆರಂಭವಾಗಿದೆ" ಎನ್ನಿ. ಕೀಬೋರ್ಡಿನ ಮುಂದೆ ಯಾರಿದ್ದರು ಎಂಬುದನ್ನು ಲಾಗ್ ನೋಡಿಲ್ಲ.

ಯಾವ ಸಾಲುಗಳನ್ನು ಆರಿಸಿದಿರಿ, ಯಾವ ಸೋಸುವಿಕೆಯಿಂದ ಆರಿಸಿದಿರಿ ಎಂಬುದೂ ಒಂದು ಪ್ಯಾರಾ ಆಗಬೇಕು. ಪರಿಕರದ ಆವೃತ್ತಿ, ಪ್ರತಿ ಇವಿಟಿಎಕ್ಸ್ ಕಡತದ ಎಸ್‌ಎಚ್‌ಎ-256 ಹ್ಯಾಶ್ (ಕಡತ ಬದಲಾಗಿಲ್ಲವೆಂದು ತೋರಿಸುವ, ಬೆರಳಚ್ಚಿನಂಥ ಸಂಖ್ಯೆ) ಅನುಬಂಧಕ್ಕೆ ಹೋಗಲಿ. "ಇದನ್ನೇ ಏಕೆ ಆರಿಸಿದಿರಿ" ಎಂಬುದು ನನ್ನನ್ನು ಅತಿ ಹೆಚ್ಚು ಬೆವರಿಸಿದ ಪ್ರಶ್ನೆ. "ಏನು ನಡೆಯಿತು" ಎಂದು ಕೇಳಿದವರು ಕಡಿಮೆ.

ಗಡಿಯಾರ

24 ಎಂದರೆ ಹೊರಹೋದದ್ದಲ್ಲ, ಸಂಪರ್ಕ ಕಡಿದದ್ದು. ಸೆಷನ್ ಒಳಗೇ ಇರುತ್ತದೆ, ಅದರಲ್ಲಿ ಓಡುತ್ತಿದ್ದ ಪ್ರೋಗ್ರಾಂ ಕೂಡ ಓಡುತ್ತಲೇ ಇರಬಹುದು. ಮುಂದೆ 25 ಅಥವಾ 23 ಯಾವಾಗ ಬಂದಿದೆ ನೋಡಿ.

7045ನ್ನು ಸೆಷನ್‌ಗೆ ಕಟ್ಟಿರುವುದು ಯಾವುದರ ಬಲದಿಂದ? ಐದು ನಿಮಿಷದ ಅಂತರ ಎಂಬುದರಿಂದ ಮಾತ್ರವೇ? ಆ ದಾಖಲೆಯ ಎಕ್ಸ್‌ಎಂಎಲ್ ನೋಟವನ್ನು ತೆರೆಯಿರಿ. ಯಾವ ಖಾತೆಯಡಿ ದಾಖಲಾಯಿತು ಎಂಬ ಭದ್ರತಾ ಗುರುತು ಮೇಲಿನ ಭಾಗದಲ್ಲೇ ಇರುತ್ತದೆ. ಸಿಎಸ್‌ವಿಗೆ ಇಳಿಸಿದಾಗ ಅದು ಕಣ್ಣಿಗೆ ಬೀಳದೇ ಹೋಗುವುದುಂಟು.

ಕಡತಪಾಲ

ನೋಡಿದೆ. ಆ ಗುರುತು 'ಬ್ಯಾಕಪ್' ಖಾತೆಯದಲ್ಲ, ನಿರ್ವಾಹಕರ ಇನ್ನೊಂದು ಖಾತೆಯದು. ಸರ್ವಿಸ್ ಕಡತದ ಹಾದಿ ಅವರ ಮೇಲ್ವಿಚಾರಣಾ ತಂತ್ರಾಂಶದ ಫೋಲ್ಡರಿಗೆ ಹೋಗುತ್ತದೆ, ಕಡತದ ಡಿಜಿಟಲ್ ಸಹಿಯೂ ಸರಿಯಾಗಿದೆ. ಅದೇ ತಂತ್ರಾಂಶದ ಹಿಂದಿನ ಅಪ್‌ಡೇಟ್‌ಗಳಲ್ಲೂ ಇದೇ ಬಗೆಯ 7045 ಬಂದಿದೆ. 24ರ ನಂತರ 23 ಮರುದಿನ ಬೆಳಿಗ್ಗೆ ಬಂದಿದೆ, ನಡುವೆ 25 ಇಲ್ಲ. ಹಾಗಾದರೆ 7045ರ ಸಾಲನ್ನು ತೆಗೆದುಹಾಕಲೇ?

ಯಂತ್ರಮತಿ

ಆ ಐದು ನಿಮಿಷದ ಅಂತರವನ್ನು ನನ್ನ ಮಾದರಿ ಖಂಡಿತ ಕಥೆಗೆ ಸೇರಿಸುತ್ತಿತ್ತು. ಭದ್ರತಾ ಗುರುತಿನ ಅಂಕಣವನ್ನು ಇವತ್ತೇ ತಾಳೆಯ ಪಟ್ಟಿಗೆ ಹಾಕುತ್ತೇನೆ.

ಕಟಕಟೆ

ತೆಗೆಯಬೇಡಿ. "ಪರಿಶೀಲಿಸಿ ಸಂಬಂಧವಿಲ್ಲವೆಂದು ಕಂಡದ್ದು" ಎಂಬ ಭಾಗ ಮಾಡಿ, ಕಾರಣದೊಂದಿಗೆ ಅಲ್ಲಿಡಿ. ನೀವು ತೆಗೆದರೆ ಎದುರು ಪಕ್ಷದ ಪರಿಣತರು ಅದನ್ನು ಹುಡುಕಿ ತೆಗೆದು, ಮುಚ್ಚಿಟ್ಟಿದ್ದೀರಿ ಎನ್ನುತ್ತಾರೆ.

ಹೊಸಬಳು

ಆಗ ಪುಟ ಒಂದಕ್ಕಿಂತ ಹೆಚ್ಚಾಗುವುದಿಲ್ಲವೇ?

ಕಟಕಟೆ

ಆಗಲಿ. ಮೊದಲ ಪುಟದಲ್ಲಿ ವ್ಯಾಪ್ತಿ ಮತ್ತು ಕಂಡದ್ದು, ಉಳಿದದ್ದು ಹಿಂದೆ. ಒಂದೇ ಪುಟ ಬೇಕೆಂದವರು ಎರಡನೆಯ ಪುಟವನ್ನು ಓದದಿರಲಿ, ಅದು ಇದ್ದರೆ ಸಾಕು.

ಕಡತಪಾಲ

ಹಾಗೆಯೇ ಮಾಡುತ್ತೇನೆ. ರಾತ್ರಿಪಾಳಿ ಅವರ ಸಲಹೆಯಂತೆ ಶ್ಯಾಡೋ ಕಾಪಿಗಳನ್ನು ಹುಡುಕಿದೆ, ಎರಡು ಸಿಕ್ಕಿವೆ. ಒಂದು ಆ ರಾತ್ರಿಗಿಂತ ಮುಂಚಿನದು, ಅದರಿಂದ ಆ ರಾತ್ರಿಯ ಬಗ್ಗೆ ಏನೂ ಸಿಗುವುದಿಲ್ಲ. ಇನ್ನೊಂದು ಮರುದಿನದ್ದು. ಅದರಲ್ಲಿರುವ ಸೆಕ್ಯುರಿಟಿ ಲಾಗ್ ಆ ರಾತ್ರಿಯನ್ನು ಪೂರ್ತಿ ಒಳಗೊಂಡಿದೆ, ಕ್ರಮಸಂಖ್ಯೆಯಲ್ಲಿ ಜಿಗಿತವಿಲ್ಲ, 1102 ಇಲ್ಲ. 203.0.113.45ರಿಂದ ಬಗೆ 3ರ 4625ಗಳ ಸಾಲು, ಅದರ ಕೊನೆಗೆ ಒಂದು 4624. ಕಾರಣದ ಸಂಕೇತಗಳ ಪ್ರಕಾರ ಅವುಗಳನ್ನು ಈಗ ಬೇರ್ಪಡಿಸುತ್ತಿದ್ದೇನೆ. ವ್ಯಾಪ್ತಿಯ ಪ್ಯಾರಾವನ್ನು ಹೊಸದಾಗಿ ಬರೆಯಬೇಕು: ಎರಡು ಸೆಕ್ಯುರಿಟಿ ಲಾಗ್‌ಗಳು, ಎರಡು ಹ್ಯಾಶ್, ಯಾವುದು ಎಲ್ಲಿಂದ ಬಂತು ಎಂಬ ವಿವರ.